ಅತ್ತೆಗೆ ಡೆಂಗಿ, ಸಿಂಗಾಪುರ ಟ್ರಿಪ್ ಕ್ಯಾನ್ಸಲ್: ಇನ್ಶೂರೆನ್ಸ್ ನಮಗೆ ಎಷ್ಟು ಕೊಟ್ಟಿತು, ತಮ್ಮನಿಗೆ ಯಾಕೆ ಕೊಡಲಿಲ್ಲ

ಟ್ರಿಪ್ ಕ್ಯಾನ್ಸಲ್ ಆದರೆ ದುಡ್ಡು ಕೊಡುವ ಟ್ರಾವೆಲ್ ಇನ್ಶೂರೆನ್ಸ್ ತಗೋಬೇಕಾ ಬೇಡವಾ ಅಂತ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಬಾಯಲ್ಲಿ ಹೇಳುವಾಗ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೆ ಒಂದು ಸಲ ಪೂರ್ತಿ ಬರೆಯುತ್ತಿದ್ದೇನೆ. ನಮ್ಮದು ತುಮಕೂರು, ಎಸ್.ಎಸ್. ಪುರಂ. ಮೂರು ಜನಕ್ಕೆ ನಾವು ಕಟ್ಟಿದ ಪ್ರೀಮಿಯಂ 2,860 ರೂಪಾಯಿ. ಟ್ರಿಪ್ ನಿಂತಾಗ ಕೈಬಿಟ್ಟುಹೋದ ದುಡ್ಡು 2,23,200. ಇನ್ಶೂರೆನ್ಸಿನಿಂದ ಬಂದದ್ದು 1,13,400. ಅದೇ ಟ್ರಿಪ್, ಅದೇ ಪಾಲಿಸಿ, ಅಷ್ಟೇ ಪ್ರೀಮಿಯಂ ಕಟ್ಟಿದ ನನ್ನ ತಮ್ಮನಿಗೆ ಒಂದು ರೂಪಾಯಿಯೂ ಬರಲಿಲ್ಲ.

ಕಂಪನಿಯ ಹೆಸರು ಬರೆಯುವುದಿಲ್ಲ. ಆಮೇಲೆ ಬೇರೆ ನಾಲ್ಕು ಕಂಪನಿಗಳ ಪಾಲಿಸಿ ಡೌನ್‌ಲೋಡ್ ಮಾಡಿ ಓದಿದೆ. ಮೊತ್ತ ಹೆಚ್ಚು ಕಡಿಮೆ ಇದೆ, ಸಂಬಂಧಿಕರ ಪಟ್ಟಿಯಲ್ಲಿ ಒಂದೆರಡು ಹೆಸರು ಆಚೀಚೆ ಇದೆ, ಆದರೆ ನಾವು ಎಡವಿದ ಕಲ್ಲುಗಳು ಎಲ್ಲದರಲ್ಲೂ ಇದ್ದವು. ಒಂದು ಕಂಪನಿಯನ್ನು ಬೈದು ಇನ್ನೊಂದಕ್ಕೆ ನಿಮ್ಮನ್ನು ಕಳಿಸಿದರೆ ಪ್ರಯೋಜನ ಇಲ್ಲ.

ಟೀಚರ್ ಕೆಲಸದಲ್ಲಿ ದಸರಾ ರಜೆ, ಬೇಸಿಗೆ ರಜೆ ಬಿಟ್ಟರೆ ಹೊರಡಲು ದಿನ ಸಿಗುವುದಿಲ್ಲ. 2024ರ ದಸರಾ ರಜೆಗೆ ಅಂತ ಜುಲೈನಲ್ಲೇ ಬುಕ್ ಮಾಡಿದೆವು. ಸಿಂಗಾಪುರ, ಮಲೇಷ್ಯಾ, ಆರು ರಾತ್ರಿ, ತಲೆಗೆ 84 ಸಾವಿರ. ನಾನು, ನಮ್ಮನೆಯವರು, ಮಗಳು. ಜೊತೆಗೆ ತಮ್ಮ, ಅವನ ಹೆಂಡತಿ, ಅವರ ಮಗ. ಅಕ್ಟೋಬರ್ 9ರ ರಾತ್ರಿ ಫ್ಲೈಟ್. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಲು ಒಂದು ಗಾಡಿಯನ್ನೂ ಗೊತ್ತು ಮಾಡಿದ್ದೆವು. ಇಬ್ಬರು ಮಕ್ಕಳೂ ಕ್ಯಾಲೆಂಡರಿನಲ್ಲಿ ದಿನ ಹೊಡೆದುಕೊಂಡು ಕಾಯುತ್ತಿದ್ದರು.

ಟಿಕೆಟ್ ಮಾಡಿಸಿದ್ದು ಬಿ.ಎಚ್. ರಸ್ತೆಯ ಒಬ್ಬ ಟೂರ್ ಏಜೆಂಟ್ ಹತ್ತಿರ. ಆ ಹುಡುಗನ ಬಗ್ಗೆ ನನಗೆ ದೂರಿಲ್ಲ, ಕಷ್ಟದಲ್ಲಿ ಫೋನ್ ಎತ್ತಿದ. ಆದರೆ ಮೊದಲ ದಿನ ಅವನು ಹೇಳಿದ್ದು "ಮೇಡಂ, ಪ್ಯಾಕೇಜಲ್ಲೇ ಇನ್ಶೂರೆನ್ಸ್ ಇದೆ, ಹೊರಡೋ ಎರಡು ದಿನ ಮುಂಚೆ ಪಾಲಿಸಿ ಕಾಪಿ ಕಳಿಸ್ತೀನಿ" ಅಂತ. ಅಲ್ಲೇ ಕಿವಿ ನೆಟ್ಟಗಾಗಬೇಕು. ಪ್ಯಾಕೇಜಿನ ಜೊತೆ ಬರುವ ಇನ್ಶೂರೆನ್ಸ್ ಬಹಳ ಸಲ ಅಲ್ಲಿ ಹೋದ ಮೇಲೆ ಹುಷಾರು ತಪ್ಪಿದರೆ, ಪಾಸ್‌ಪೋರ್ಟ್ ಕಳೆದರೆ, ಲಗೇಜ್ ಬರದಿದ್ದರೆ ಅನ್ನೋದಕ್ಕೆ. ಹೊರಡುವ ಮೊದಲೇ ಟ್ರಿಪ್ ನಿಂತರೆ ಅದು ಬೇರೆ ವಿಭಾಗ, ಟ್ರಿಪ್ ಕ್ಯಾನ್ಸಲೇಶನ್ ಅಂತ. ಅದು ಪಾಲಿಸಿಯಲ್ಲಿ ಇರಲೂಬಹುದು, ಇಲ್ಲದೆಯೂ ಇರಬಹುದು. ಇದ್ದರೂ, ಹೊರಡಲು ಎರಡು ದಿನ ಇರುವಾಗ ಪಾಲಿಸಿ ಮಾಡಿಸಿದರೆ ಅದು ಕಾಯುವುದು ಆ ಎರಡೇ ದಿನ. ಮಧ್ಯದ ಮೂರು ತಿಂಗಳಲ್ಲಿ ಮನೆಯಲ್ಲಿ ಯಾರಾದರೂ ಮಲಗಿದರೆ ಯಾರು ಕೊಡ್ತಾರೆ? ಇದನ್ನು ನನಗೆ ಹೇಳಿಕೊಟ್ಟದ್ದು ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು. "ಅಡ್ವಾನ್ಸ್ ಕೊಟ್ಟ ದಿನವೇ ಮಾಡಿಸಿ ಮೇಡಂ, ಪ್ರೀಮಿಯಂ ಏನೂ ಜಾಸ್ತಿ ಆಗಲ್ಲ" ಅಂದರು. ನಾವು ಹಾಗೇ ಮಾಡಿದೆವು, ತಮ್ಮನೂ ಮಾಡಿಸಿದ. ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ.

ಈಗ ಅತ್ತೆ, ಅಂದರೆ ನಮ್ಮನೆಯವರ ಅಮ್ಮನ ವಿಷಯ. ಆ ವರ್ಷ ಡೆಂಗಿ ಎಷ್ಟಿತ್ತು ಅಂದರೆ ಸೆಪ್ಟೆಂಬರಿನಲ್ಲಿ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ಅತ್ತೆಗೆ 64 ವರ್ಷ. ಅಕ್ಟೋಬರ್ 1ಕ್ಕೆ ಜ್ವರ ಬಂತು. ಸುಮ್ನೆ ಮೈಕೈ ನೋವು ಅಂತ ಕಷಾಯ ಕುಡಿದು ಮಲಗಿದರು. ಮೂರನೇ ದಿನ ರಕ್ತ ಪರೀಕ್ಷೆ ಮಾಡಿಸಿದರೆ ಡೆಂಗಿ ಪತ್ತೆ ಮಾಡುವ ಎನ್‌ಎಸ್1 ಟೆಸ್ಟ್ ಪಾಸಿಟಿವ್. 4ನೇ ತಾರೀಕು ಶುಕ್ರವಾರ ಪ್ಲೇಟ್‌ಲೆಟ್ 42 ಸಾವಿರ, ಅಡ್ಮಿಟ್ ಮಾಡಿ ಅಂದರು ಡಾಕ್ಟರು. ಆವತ್ತು ರಾತ್ರಿ ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು ನಮ್ಮನೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಏಜೆಂಟಿಗೆ ಫೋನ್ ಮಾಡಿ ನಮ್ಮ ಮೂರು ಟಿಕೆಟ್ ಕ್ಯಾನ್ಸಲ್ ಮಾಡು ಅಂದೆವು. ಯೋಚನೆ ಮಾಡಲು ಏನೂ ಇರಲಿಲ್ಲ.

ತಮ್ಮ ಹೋಗಬಹುದಾಗಿತ್ತು. ಹೋಗು ಅಂತ ನಾನೇ ಹೇಳಿದೆ, ನಮ್ಮ ಮಗಳನ್ನೂ ಕರೆದುಕೊಂಡು ಹೋಗು ಅಂದೆ. ಅವನು "ನೀವೆಲ್ಲ ಇಲ್ಲಿ ಆಸ್ಪತ್ರೇಲಿ ಒದ್ದಾಡ್ತಿದ್ರೆ ನಾವು ಅಲ್ಲಿ ಹೋಗಿ ಏನ್ ನೋಡೋದಕ್ಕಾ" ಅಂದು ತನ್ನ ಮೂರು ಟಿಕೆಟ್ಟನ್ನೂ ಕ್ಯಾನ್ಸಲ್ ಮಾಡಿಸಿದ. ಮಾರನೇ ದಿನ ರಾತ್ರಿ ಪ್ಲೇಟ್‌ಲೆಟ್ 18 ಸಾವಿರಕ್ಕೆ ಇಳಿಯಿತು, ವಸಡಿನಲ್ಲಿ ರಕ್ತ ಕಾಣಿಸಿಕೊಂಡಿತು. ಬಂಧುಗಳು ಕಿವಿ ಹಣ್ಣು, ಪಪ್ಪಾಯಿ ಎಲೆ ರಸ ಅಂತ ಹಿಡಿದುಕೊಂಡು ಬರುತ್ತಿದ್ದರು. ಡಾಕ್ಟರು ಪ್ಲೇಟ್‌ಲೆಟ್ ಕೊಡುವ ಒಬ್ಬ ದಾನಿಯನ್ನು ಹುಡುಕಿ ಅಂದರು. ನಮ್ಮನೆಯವರಿಗೆ ಬಿಪಿ ಮಾತ್ರೆ ನಡೆಯುತ್ತಿದೆ, ಅವರು ಬೇಡ ಅಂದರು. 6ನೇ ತಾರೀಕು ಭಾನುವಾರ ಬೆಳಿಗ್ಗೆ ತಮ್ಮ ಹೋಗಿ ಮಷೀನಿನ ಪಕ್ಕ ಮಲಗಿದ. ಒಂದು ಕೈಯಿಂದ ರಕ್ತ ಮಷೀನಿಗೆ ಹೋಗಿ, ಪ್ಲೇಟ್‌ಲೆಟ್ ಮಾತ್ರ ಚೀಲಕ್ಕೆ ಇಳಿದು, ಉಳಿದ ರಕ್ತ ವಾಪಸ್ ಮೈಗೆ. ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ರಬ್ಬರ್ ಚೆಂಡು ಅದುಮುತ್ತಾ ಮಲಗಿದ್ದ, ತುಟಿ ಜುಮ್ ಅಂತಿದೆ ಅಕ್ಕ ಅಂದಾಗ ನರ್ಸಮ್ಮ ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಆ ಚೀಲದಲ್ಲಿ ಇದ್ದದ್ದು ತಿಳಿ ಹಳದಿ ಬಣ್ಣದ ನೀರಿನಂಥದ್ದು. ಅದನ್ನು ಅತ್ತೆಗೆ ಏರಿಸಿದ ಮೇಲೆ ಸಂಖ್ಯೆ ಮೇಲೆ ಬರಲು ಶುರುವಾಯಿತು. ಆಯುಧಪೂಜೆಯ ಹಿಂದಿನ ದಿನ ಅತ್ತೆ ಮನೆಗೆ ಬಂದರು.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಇನ್ಶೂರೆನ್ಸ್ ಕಂಪನಿಯ ಲೆಕ್ಕದಲ್ಲಿ ಆ ಬೆಡ್ಡಿನ ಮೇಲೆ ಮಲಗಿದ್ದ ನನ್ನ ತಮ್ಮ ಅತ್ತೆಗೆ ಏನೂ ಆಗಬೇಕಿಲ್ಲ.

ಪಾಲಿಸಿಯ 9ನೇ ಪುಟದಲ್ಲಿ ಹತ್ತಿರದ ಸಂಬಂಧಿಕರು ಯಾರು ಅಂತ ಒಂದು ಪಟ್ಟಿ ಇದೆ. ಗಂಡ ಅಥವಾ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಗಂಡ ಹೆಂಡತಿಯ ಅಪ್ಪ ಅಮ್ಮ, ಒಡಹುಟ್ಟಿದವರು. ಅಷ್ಟೇ. ಇವರಲ್ಲಿ ಯಾರಾದರೂ ತೀರಿಕೊಂಡರೆ ಅಥವಾ ಕಾಯಿಲೆಯಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ ಟ್ರಿಪ್ಪಿನ ದುಡ್ಡು. ನಮ್ಮನೆಯವರಿಗೆ ಅಮ್ಮ, ನನಗೆ ಅತ್ತೆ, ಹಾಗಾಗಿ ನಾವು ಪಟ್ಟಿಯೊಳಗೆ ಬಂದೆವು. ಮಗಳಿಗೆ ಅಜ್ಜಿ. ಅಜ್ಜಿ ಪಟ್ಟಿಯಲ್ಲಿಲ್ಲ! ಅವಳು ಚಿಕ್ಕವಳು, ಅಪ್ಪ ಅಮ್ಮ ಇಬ್ಬರೂ ಹೋಗದಿರುವಾಗ ಅವಳೂ ಹೋಗುವ ಹಾಗಿಲ್ಲ ಅಂತ ಒಂದೇ ಪಾಲಿಸಿಯಲ್ಲಿದ್ದ ಕಾರಣಕ್ಕೆ ಅವಳದ್ದೂ ಪಾಸಾಯಿತು. ತಮ್ಮನಿಗೆ ಇವರು ಅಕ್ಕನ ಅತ್ತೆ. ನಮ್ಮ ಅಮ್ಮನಿಗೆ ಬೀಗಿತ್ತಿ. ಕ್ಲೈಮ್ ಫಾರಂನಲ್ಲಿ ರೋಗಿ ನಿಮಗೆ ಏನಾಗಬೇಕು ಅನ್ನುವ ಕಡೆ ಒತ್ತಿದರೆ ಒಂದು ಸಾಲು ಹೆಸರು ಇಳಿಯುತ್ತದೆ, ಅದರಲ್ಲಿ ಒಂದನ್ನು ಆರಿಸಬೇಕು. ಬೀಗರು ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ. ಜೊತೆಯಲ್ಲಿ ಪ್ರಯಾಣ ಮಾಡುವವರ ಬಗ್ಗೆ ಒಂದು ಸಾಲು ಇತ್ತು, ಆದರೆ ಆ ಜೊತೆಗಾರರಿಗೇ ಹುಷಾರು ತಪ್ಪಿರಬೇಕು, ಅವರ ಮನೆಯವರಿಗೆ ತಪ್ಪಿದರೆ ಲೆಕ್ಕಕ್ಕಿಲ್ಲ. ತಮ್ಮನ ಕ್ಲೈಮ್ ಹತ್ತು ದಿನದಲ್ಲಿ ರಿಜೆಕ್ಟ್ ಆಯಿತು.

ನಿಯಮದ ಪ್ರಕಾರ ಅವರು ಮಾಡಿದ್ದು ತಪ್ಪಲ್ಲ, ನನಗೆ ಗೊತ್ತು. ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಸಾಕಿದ್ದು ಸೋದರತ್ತೆ, ದೊಡ್ಡಮ್ಮ, ಅಜ್ಜಿ. ಮದುವೆಯಾಗದ ಚಿಕ್ಕಪ್ಪ ಮನೆಯಲ್ಲೇ ಇರುತ್ತಾರೆ. ಅವರಿಗೆ ಏನಾದರೂ ಆದರೆ ಯಾರೂ ಫ್ಲೈಟ್ ಹತ್ತಿ ಹೋಗುವುದಿಲ್ಲ ಅಲ್ವಾ? ಭಾರತದಲ್ಲಿ ಮಾರುವ ಪಾಲಿಸಿಯಲ್ಲಿ ಒಂದೇ ಮನೆಯಲ್ಲಿ ವಾಸವಾಗಿರುವ ಅಜ್ಜಿಯನ್ನಾದರೂ ಸೇರಿಸಬಾರದೇ? ಇದು ನನ್ನ ಮೊದಲ ದೂರು, ದೊಡ್ಡ ದೂರು.

ಎರಡನೇ ದೂರು ನಮ್ಮ ಸ್ವಂತ ಕ್ಲೈಮಿನದು. ಅಕ್ಟೋಬರ್ 21ಕ್ಕೆ ಕಾಗದ ಎಲ್ಲ ಅಪ್‌ಲೋಡ್ ಮಾಡಿದೆ. ಡಿಸ್ಚಾರ್ಜ್ ಸಮ್ಮರಿ, ಆಸ್ಪತ್ರೆ ಬಿಲ್ಲು, ಟಿಕೆಟ್, ಏಜೆಂಟ್ ಕೊಟ್ಟ ಕ್ಯಾನ್ಸಲೇಶನ್ ಬಿಲ್ಲು, ಎಷ್ಟು ವಾಪಸ್ ಬಂತು ಅನ್ನುವುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಕ್ಯಾನ್ಸಲ್ ಮಾಡಿದ ಚೆಕ್ಕು. ಸಂಬಂಧಕ್ಕೆ ದಾಖಲೆ ಕೇಳಿದರು. ವಂಶವೃಕ್ಷಕ್ಕೆ ನಾಡಕಚೇರಿಗೆ ಅಲೆಯಬೇಕಾ ಅಂತ ಒಂದು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, ನಮ್ಮನೆಯವರ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅವರ ಅಮ್ಮನ ಹೆಸರಿದೆ, ನನ್ನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಗಂಡನ ಹೆಸರಿದೆ. ಅವೆರಡು ಪುಟ, ರೇಷನ್ ಕಾರ್ಡು, ಅತ್ತೆಯ ಆಧಾರ್. ಅಷ್ಟೇ ಸಾಕಾಯಿತು.

ನವೆಂಬರ್ 26ಕ್ಕೆ ನಾಲ್ಕು ಸಾಲಿನ ಮೇಲ್ ಬಂತು. ರೋಗಿಗೆ ಮೊದಲೇ ಕಾಯಿಲೆ ಇತ್ತು, ಹಾಗಾಗಿ ಕ್ಲೈಮ್ ಕೊಡಲು ಬರುವುದಿಲ್ಲ. ನನಗೆ ಕೈಕಾಲು ಆಡಲಿಲ್ಲ. ಸೊಳ್ಳೆ ಕಚ್ಚಿ ಬಂದ ಡೆಂಗಿ ಮೊದಲೇ ಹೇಗೆ ಇರುತ್ತದೆ? ಡಿಸ್ಚಾರ್ಜ್ ಸಮ್ಮರಿ ತೆಗೆದು ಒಂದೊಂದೇ ಸಾಲು ಓದಿದೆ. ಮೇಲಿನಿಂದ ಎರಡನೇ ಸಾಲಿನಲ್ಲಿ "ಕೆ/ಸಿ/ಒ ಟಿ2ಡಿಎಂ, ಎಚ್‌ಟಿಎನ್" ಅಂತ ಇತ್ತು. ಇವರಿಗೆ ಮೊದಲಿನಿಂದ ಸಕ್ಕರೆ ಕಾಯಿಲೆ, ಬಿಪಿ ಇದೆ ಅಂತ ಅರ್ಥ. ಅರವತ್ತು ದಾಟಿದ ಎಷ್ಟೋ ಜನರ ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ಸಾಲು ಇರುತ್ತದೆ. ಕಂಪನಿಯವರು ಅದನ್ನು ಹಿಡಿದುಕೊಂಡು, ಕೆಳಗೆ ದಪ್ಪಕ್ಷರದಲ್ಲಿ ಡೆಂಗಿ ಅಂತ ಬರೆದದ್ದನ್ನು ಬಿಟ್ಟಿದ್ದರು.

ಕಸ್ಟಮರ್ ಕೇರಿಗೆ ಮೂರು ಸಲ ಫೋನ್ ಮಾಡಿದೆ. ಮರ್ಯಾದೆಯಿಂದ ಮಾತಾಡುತ್ತಾರೆ, ಕನ್ನಡದಲ್ಲೇ ಮಾತಾಡಿದರು, ಆದರೆ ಅವರ ಕೈಯಲ್ಲಿ ಏನೂ ಇಲ್ಲ. ಕೆಲಸ ಆದದ್ದು ಎರಡು ಕಾಗದದಿಂದ. ಒಂದು ಅತ್ತೆಗೆ ಚಿಕಿತ್ಸೆ ಕೊಟ್ಟ ಡಾಕ್ಟರ ಪತ್ರ. ಓಪಿಡಿಯಲ್ಲಿ ಎರಡು ಗಂಟೆ ಕೂತು ಬರೆಸಿಕೊಂಡೆ. ಆಸ್ಪತ್ರೆಗೆ ಸೇರಿಸಿದ್ದು ಡೆಂಗಿ ಜ್ವರಕ್ಕೆ ಮತ್ತು ಪ್ಲೇಟ್‌ಲೆಟ್ ಇಳಿದದ್ದಕ್ಕೆ, ಹಳೆಯ ಸಕ್ಕರೆ ಕಾಯಿಲೆಗೂ ಬಿಪಿಗೂ ಇದಕ್ಕೂ ಸಂಬಂಧ ಇಲ್ಲ, ಆ ದಿನಗಳಲ್ಲಿ ಮಗ ಸೊಸೆ ಹತ್ತಿರ ಇರಲೇಬೇಕಿತ್ತು ಅಂತ ಲೆಟರ್‌ಹೆಡ್ಡಿನಲ್ಲಿ, ಸೀಲು, ರಿಜಿಸ್ಟ್ರೇಶನ್ ನಂಬರು ಸಮೇತ. ಈ ಪತ್ರವನ್ನು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಬೇಕಿತ್ತು. ಎರಡನೆಯದು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು. ಪಾಲಿಸಿಯ ಕೊನೆಯಲ್ಲಿ ಅವರ ಮೇಲ್ ವಿಳಾಸ ಇರುತ್ತದೆ. ಪಾಲಿಸಿಯ ಯಾವ ಷರತ್ತಿನ ಮೇಲೆ ರಿಜೆಕ್ಟ್ ಮಾಡಿದಿರಿ, ಆ ಷರತ್ತಿಗೂ ಡೆಂಗಿಗೂ ಏನು ಸಂಬಂಧ, ಲಿಖಿತವಾಗಿ ಹೇಳಿ ಅಂತ ಕೇಳಿದೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ಲಿನಲ್ಲೂ ಅದೇ ದಿನ ದೂರು ಹಾಕಿದೆ. ಅದಕ್ಕೆ 155255 ಅಂತ ಟೋಲ್ ಫ್ರೀ ನಂಬರೂ ಇದೆ.

ಇದೂ ಆಗದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನ ಮಾಡುವ ಅಧಿಕಾರಿಯ ಹತ್ತಿರ ಹೋಗುವುದು ಅಂತ ಇಬ್ಬರೂ ತೀರ್ಮಾನ ಮಾಡಿದ್ದೆವು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸು ಇಲ್ಲ, ಲಾಯರ್ ಬೇಕಿಲ್ಲ, 50 ಲಕ್ಷದವರೆಗಿನ ದೂರು ತಗೊಳ್ಳುತ್ತಾರೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು, ಅವರು ಒಂದು ತಿಂಗಳು ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ ಒಂದು ವರ್ಷದೊಳಗೆ ಹೋಗಬೇಕು. ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ, ರಿಜೆಕ್ಟ್ ಅಂದ ಕೂಡಲೇ ಕೈ ಚೆಲ್ಲಿಬಿಡುತ್ತಾರೆ. ನಮಗೆ ಅಲ್ಲಿವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಎರಡು ವಾರದಲ್ಲಿ ಕ್ಲೈಮ್ ಮತ್ತೆ ತೆರೆದರು, ಡಿಸೆಂಬರ್ ಮೂರನೇ ವಾರ ದುಡ್ಡು ಅಕೌಂಟಿಗೆ ಬಂತು.

ಬಂದದ್ದು ಅರ್ಧವೇ ಯಾಕೆ ಅನ್ನುವುದು ಸುಲಭದ ಲೆಕ್ಕ, ಆದರೆ ನಾವು ಮೊದಲು ಮಾಡಿರಲಿಲ್ಲ. ಪಾಲಿಸಿಯ ಮೇಲೆ ದೊಡ್ಡದಾಗಿ 50,000 ಡಾಲರ್ ಅಂತ ಇತ್ತು. ಅದು ಅಲ್ಲಿನ ಆಸ್ಪತ್ರೆ ಖರ್ಚಿಗೆ. ಟ್ರಿಪ್ ಕ್ಯಾನ್ಸಲೇಶನ್ ಎದುರಿಗೆ ಇದ್ದದ್ದು ತಲೆಗೆ 500 ಡಾಲರ್, ಅದರಲ್ಲಿ ಮೊದಲ 50 ಡಾಲರ್ ನಷ್ಟ ನಾವೇ ಹೊರಬೇಕು. ಉಳಿದದ್ದು 450. ಅವರು ಹಿಡಿದ ದರ 84 ರೂಪಾಯಿ, ತಲೆಗೆ 37,800. ಪ್ಯಾಕೇಜಿಗೆ ನಾವು ಕೊಟ್ಟದ್ದು 84 ಸಾವಿರ. ಟೂರ್ ಕಂಪನಿಯ ನಿಯಮ, ಹೊರಡಲು ಏಳು ದಿನದೊಳಗೆ ಇರುವಾಗ ಕ್ಯಾನ್ಸಲ್ ಮಾಡಿದರೆ ಏನೂ ವಾಪಸ್ ಇಲ್ಲ ಅಂತ. ತಲೆಗೆ 9,600 ವಾಪಸ್ ಬಂದದ್ದು ಕೇಳಿ ಪಡೆದದ್ದು. ವಿಮಾನ ಟಿಕೆಟ್ ನಾನ್ ರಿಫಂಡಬಲ್ ಆಗಿದ್ದರೂ ತೆರಿಗೆ, ಏರ್‌ಪೋರ್ಟಿನ ಬಳಕೆದಾರ ಶುಲ್ಕ ವಾಪಸ್ ಕೊಡಲೇಬೇಕು ಅಂತ ವಿಮಾನಯಾನ ನಿಯಂತ್ರಿಸುವ ಡಿಜಿಸಿಎಯ ನಿಯಮ ಇದೆ. ಕೇಳದಿದ್ದರೆ ಅದು ಅಲ್ಲೇ ಉಳಿದುಬಿಡುತ್ತಿತ್ತೇನೋ. ನಮ್ಮ ಏಜೆಂಟ್ ಹುಡುಗ ಬೆನ್ನು ಬಿದ್ದು ಆರು ಜನದ್ದೂ ತರಿಸಿಕೊಟ್ಟ, ಹೋಗದೇ ಇದ್ದ ಜಾಗಗಳ ಟಿಕೆಟ್ ದುಡ್ಡೂ ಸ್ವಲ್ಪ ಬಂತು. ಸಿಂಗಾಪುರದ ವೀಸಾ ಫೀಸು ಮಾತ್ರ ಹೋಯಿತು, ಅದನ್ನು ಇನ್ಶೂರೆನ್ಸಿನವರೂ ಸೇರಿಸಲಿಲ್ಲ.

ಮಾವ ಒಂದು ದಿನ ಕೇಳಿದರು, ರೈಲಿನಲ್ಲಿ ಕಾಶಿಗೆ ಹೋಗೋವಾಗ 45 ಪೈಸೆಗೆ ಇನ್ಶೂರೆನ್ಸ್ ತಗೊಂಡಿದ್ವಲ್ಲ, ಅಂಥದ್ದು ಸಾಕಾಗಿತ್ತಲ್ವಾ ಅಂತ. ಐಆರ್‌ಸಿಟಿಸಿಯಲ್ಲಿ ಟಿಕ್ ಹಾಕುವ ಆ 45 ಪೈಸೆ ರೈಲು ಅಪಘಾತಕ್ಕೆ ಮಾತ್ರ. ಸಾವಿಗೆ 10 ಲಕ್ಷ, ಆಸ್ಪತ್ರೆಗೆ 2 ಲಕ್ಷದವರೆಗೆ. 45 ಪೈಸೆಗೆ ಅದು ತುಂಬಾ ಒಳ್ಳೆಯದು, ಬಿಡಬೇಡಿ. ಆದರೆ ಮನೆಯಲ್ಲಿ ಹುಷಾರಿಲ್ಲ ಅಂತ ಪ್ರಯಾಣ ಬಿಟ್ಟರೆ ಅದರಿಂದ ಏನೂ ಬರುವುದಿಲ್ಲ.

ನಮ್ಮ ಟ್ರಾವೆಲ್ ಇನ್ಶೂರೆನ್ಸಿಗೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂದರೆ ಮೂರು. 2,860 ಕಟ್ಟಿ 1,13,400 ಪಡೆದ ಮೇಲೆ ಇದು ದಂಡ ಅಂತ ನಾನು ಹೇಳುವುದಿಲ್ಲ. ಮುಂದಿನ ಸಲವೂ ತಗೊಳ್ಳುತ್ತೇನೆ. ಒಂದು ಅಂಕ ಕಳೆದದ್ದು ಡಿಸ್ಚಾರ್ಜ್ ಸಮ್ಮರಿಯನ್ನು ಸರಿಯಾಗಿ ಓದದೆ ರಿಜೆಕ್ಟ್ ಮಾಡಿದ್ದಕ್ಕೆ, ಇನ್ನೊಂದು ಆ ಪಟ್ಟಿಗೆ. ಏಜೆಂಟ್ ಹುಡುಗನಿಗೆ ನಾಲ್ಕು.

ನಮಗೆ ಬಂದ ದುಡ್ಡಿನಲ್ಲಿ ಅರ್ಧ ತಮ್ಮನಿಗೆ ಕೊಡಲು ಹೋದೆವು. ತಗೊಳ್ಳಲಿಲ್ಲ, ಭಾವನ ಮುಂದೆ ಕೋಪವನ್ನೂ ಮಾಡಿಕೊಂಡ. ಅವನ ಮಗನ ಎರಡನೇ ಕಂತಿನ ಸ್ಕೂಲ್ ಫೀಸು ಕಟ್ಟಿ ರಸೀದಿಯನ್ನು ಅವನ ಹೆಂಡತಿ ಕೈಗೆ ಕೊಟ್ಟು ಬಂದೆ. ಅತ್ತೆ ಈಗ ಬೆಳಿಗ್ಗೆ ಅಮಾನಿಕೆರೆ ಕಡೆ ವಾಕಿಂಗ್ ಹೋಗುತ್ತಾರೆ, ನನ್ನ ತಮ್ಮ ಮನೆಗೆ ಬಂದರೆ ಅವನಿಗೆ ಅಂತಲೇ ಬೇರೆ ಒಬ್ಬಟ್ಟು ಎತ್ತಿಡುತ್ತಾರೆ. ಬೇಸಿಗೆ ರಜೆಗೆ ಮತ್ತೆ ಆರೂ ಜನ ಹೊರಡುವುದು ಅಂತ ಆಗಿದೆ. ಈ ಸಲ ಅಡ್ವಾನ್ಸ್ ಕೊಡುವ ಮೊದಲೇ ತಮ್ಮ ಮೂರು ಪಾಲಿಸಿ ಡೌನ್‌ಲೋಡ್ ಮಾಡಿಕೊಂಡು ನಮ್ಮ ಊಟದ ಟೇಬಲ್ ಮೇಲೆ ಹರಡಿದ. ಮೂರರಲ್ಲೂ ಮೊದಲು ತೆಗೆದದ್ದು ಸಂಬಂಧಿಕರ ಪಟ್ಟಿಯ ಪುಟ.